ದೀಪ ಉರಿದ ಮಾತ್ರಕ್ಕೆ ಗಾಡಿ ಎಳೆಯುತ್ತಾ?

ಹಳೇ ಡೀಸೆಲ್ ಫೋರ್ ಬೈ ಫೋರ್ ಇಟ್ಟುಕೊಂಡಿರೋ ಬೆಂಗಳೂರಿನ ನನ್ನ ಗೆಳೆಯರು ಒಂದಲ್ಲ ಒಂದು ದಿನ ಈ ಮಾಡಿಫಿಕೇಶನ್ನಿಗೆ ಬಂದು ನಿಲ್ಲುತ್ತಾರೆ. ಮುಂದಿನ ಆಕ್ಸಲನ್ನು ತಾನಾಗಿಯೇ ಜೋಡಿಸಿ ಬಿಡಿಸುವ ವ್ಯಾಕ್ಯೂಮ್ ಸ್ವಿಚ್ಚನ್ನು ಬದಿಗಿಟ್ಟು, ಡ್ಯಾಶ್‌ಬೋರ್ಡಿನಲ್ಲಿ ಕೈಯಿಂದ ತಿರುಗಿಸುವ ಇನ್ನೊಂದನ್ನು ಕೂರಿಸೋದು. ನಾನೂ ಒಂದು ಶನಿವಾರ ಕೂತು ಕೂರಿಸಿದೆ. ಐಡಿಯಾ ಒಳ್ಳೆಯದೇ. ನಾವದನ್ನು ಮಾಡೋ ರೀತಿಯ ಬಗ್ಗೆ ನನಗೆ ತಕರಾರಿದೆ, ಮೊದಲ ಆರೋಪಿ ನಾನೇ.

ಒಳಗೆ ನಡೆಯೋದು ಇಷ್ಟು. ಟೂ ವೀಲ್‌ನಲ್ಲಿ ಓಡುವಾಗ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗಲ್ಲ. ಆದರೂ ಅವು ಉರುಳುತ್ತಾ ತಮ್ಮ ಜೊತೆ ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಸುಮ್ಮನೆ ತಿರುಗಿಸುತ್ತವೆ. ಈ ದಂಡ ತಪ್ಪಿಸೋಕೆ ಒಂದು ಕಡೆಯ ಆಕ್ಸಲ್ ಶಾಫ್ಟನ್ನು ಎರಡು ತುಂಡು ಮಾಡಿ, ಮಧ್ಯೆ ಹಲ್ಲಿರುವ ಒಂದು ಕಾಲರ್ ಇಟ್ಟಿರುತ್ತಾರೆ. ರಬ್ಬರ್ ಪೊರೆಯ ಡಬ್ಬಿಯೊಂದು ಗಾಳಿ ಹೀರಿದಾಗ ಫೋರ್ಕ್ ಸರಿದು ಕಾಲರ್ ಎರಡೂ ತುಂಡನ್ನು ಹಿಡಿಯುತ್ತೆ. ಒಂದು ಪೈಪು ಹೀರಿದರೆ ಕೂಡುತ್ತೆ, ಇನ್ನೊಂದು ಹೀರಿದರೆ ಬಿಡುತ್ತೆ. ಬಿಟ್ಟಿದ್ದಾಗ ಗೇರ್ ಲಿವರನ್ನು ಫೋರ್ ವೀಲ್‌ಗೆ ಹಾಕಿದರೂ ಪ್ರಯೋಜನ ಇಲ್ಲ. ಶಕ್ತಿಯೆಲ್ಲ ಆ ಮೋಟು ಶಾಫ್ಟಿನ ಕಡೆ ಹರಿದು ಹೋಗುತ್ತೆ, ಮುಂದಿನ ಚಕ್ರ ಎಳೆಯಲ್ಲ.

ಈ ಚಕ್ರದ ಜಗಳ ಹಳೆಯದು. 1948ರಲ್ಲಿ ಅಮೆರಿಕದ ವಾರ್ನ್ ಕಂಪನಿ ಜೀಪುಗಳಿಗೆ ಕೈಯಿಂದ ಲಾಕ್ ಮಾಡುವ ಹಬ್ ತಂದಿತು. ಕೆಸರು ಬಂದಾಗ ಇಳಿದು ತಿರುಗಿಸಬೇಕು. ಇಳಿಯೋ ಕಷ್ಟ ಬೇಡ ಅಂತ 1984ರ ಜೀಪ್ ಚೆರೋಕಿಯಲ್ಲಿ ವ್ಯಾಕ್ಯೂಮ್ ಬಂತು, ಆಮೇಲೆ ಕೈಬಿಟ್ಟರು, 2018ರ ರ‍್ಯಾಂಗ್ಲರ್‌ನಲ್ಲಿ ಅದೇ ಕೆಲಸ ಮಾಡೋಕೆ ಕರೆಂಟಿನ ಮೋಟರ್ ಬಂತು. 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಜಿಮ್ನಿಯ ಹಬ್ಬುಗಳೂ ವ್ಯಾಕ್ಯೂಮಿನಿಂದಲೇ ಲಾಕ್ ಆಗೋದು. ಚೆರೋಕಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಫೋರ್ಕ್ ಪೂರ್ತಿ ಸರಿದ ಮೇಲಷ್ಟೇ ವ್ಯಾಕ್ಯೂಮ್ ಆ ಡಬ್ಬಿಯನ್ನು ದಾಟಿ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿನ ದೀಪ ಹೊತ್ತಿಸುತ್ತೆ. ಅಂದರೆ ಸುದ್ದಿ ಆಕ್ಸಲಿನಿಂದಲೇ ಬರಬೇಕು.

ಕೈ ಸ್ವಿಚ್ಚಿನಿಂದ ಲಾಭ ಇಲ್ಲ ಅಂತಲ್ಲ. ಮುಂದಿನ ಆಕ್ಸಲ್ ಬಿಟ್ಟುಕೊಂಡೇ ಲೋ ರೇಂಜ್ ಹಾಕಬಹುದು. ಜಂಗಮಕೋಟೆ ಹತ್ತಿರ ನಮ್ಮ ಚಿಕ್ಕಪ್ಪನ ಮನೆಯ ಸಿಮೆಂಟ್ ಅಂಗಳದಲ್ಲಿ ಗೊಬ್ಬರದ ಟ್ರೈಲರನ್ನು ರಿವರ್ಸ್ ತಗೊಳ್ಳುವಾಗ ಇದು ವರ. ಫೋರ್ ಲೋ ಹಾಕಿದರೆ ಗಟ್ಟಿ ನೆಲದ ಮೇಲೆ ತಿರುವಿನಲ್ಲಿ ಗಾಡಿ ಬಿಗಿದುಕೊಂಡು ಒದರುತ್ತೆ, ಟೂ ಲೋನಲ್ಲಿ ಬೆಣ್ಣೆ ಥರ ತಿರುಗುತ್ತೆ. ಆದರೆ ಪೂರ್ತಿ ಭಾರ ಹಿಂದಿನ ಶಾಫ್ಟಿನ ಮೇಲೇ ಬೀಳೋದರಿಂದ ಏರಿನಲ್ಲಿ ಮಾತ್ರ ಬೇಡ.

ನನ್ನ ತಪ್ಪು ದೀಪದ್ದು. ಆಕ್ಸಲ್ ಮೇಲೆ ಫೋರ್ಕ್ ಒತ್ತುವ ಪುಟ್ಟ ಸ್ವಿಚ್ ಇತ್ತು, ಕಿಲುಬು ಹಿಡಿದು ದೀಪ ಮಿಣಕ್ ಮಿಣಕ್ ಅಂತಿತ್ತು. ಅದರ ಗೊಡವೆ ಯಾಕೆ ಅಂತ ವೈರ್ ಕತ್ತರಿಸಿ, ದೀಪವನ್ನು ನನ್ನ ಹೊಸ ಸ್ವಿಚ್ಚಿಗೇ ಕೊಟ್ಟೆ. ತಿರುಗಿಸಿದರೆ ಪಟ್ಟಂತ ಹಸಿರು ದೀಪ! ರಿಕ್ವೆಸ್ಟ್ ಕಳಿಸಿದ ಕೂಡಲೇ 'ಸಕ್ಸೆಸ್' ಅಂತ ತೋರಿಸೋ ಕೋಡ್ ಆಫೀಸಿನಲ್ಲಿ ಯಾರಾದರೂ ಬರೆದಿದ್ದರೆ ರಿವ್ಯೂನಲ್ಲಿ ನಾನೇ ಉಗೀತಿದ್ದೆ.

ಆ ಸಲ ಊರಿಗೆ ಹೋದಾಗ ಚಂದ್ರಂಕಿಯಿಂದ ಗೂಡು ಬಿಡಿಸಿ ಮುಗಿದಿತ್ತು. ರಾತ್ರಿಯೆಲ್ಲ ಮಳೆ. ಬೆಳಕು ಹರಿಯೋ ಹೊತ್ತಿಗೆ ಚೀಲಗಳನ್ನು ಹೇರಿಕೊಂಡು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೊರಟೆವು. ಕೆರೆ ಕಟ್ಟೆ ಕೆಳಗಿನ ಬಂಡಿದಾರಿಯಲ್ಲಿ ಹಿಂದಿನ ಚಕ್ರ ಜೇಡಿಗೆ ಇಳಿಯಿತು. ಲಿವರ್ ಹಾಕಿದೆ, ಸ್ವಿಚ್ ತಿರುಗಿಸಿದೆ, ದೀಪ ಉರಿಯಿತು. ಗಾಡಿ ಇನ್ನೂ ಒಳಗೆ ಹೋಯಿತು.

"ದೀಪ ಉರೀತಾ ಐತಲ್ಲಪ್ಪಾ, ಮತ್ಯಾಕೆ ಎಳೀತಿಲ್ಲ?" ಅಂದರು ಚಿಕ್ಕಪ್ಪ.

"ಟೈರ್ ಸವೆದಿದೆ ಚಿಕ್ಕಪ್ಪ" ಅಂದೆ. ದೀಪದ ಮೇಲೆ ನನಗೆ ಅಷ್ಟು ನಂಬಿಕೆ! ಅರ್ಧ ಗಂಟೆ ಚಕ್ರದ ಕೆಳಗೆ ಸೊಪ್ಪು ಕಡ್ಡಿ, ಕಲ್ಲು ಹಾಕಿ ಎಂಜಿನ್ ಒದರಿಸಿದೆ. ಒಮ್ಮೆಯೂ ಇಳಿದು ಮುಂದಿನ ಚಕ್ರ ತಿರುಗುತ್ತಿದೆಯಾ ಅಂತ ನೋಡಲಿಲ್ಲ. ಚೀಲದಲ್ಲಿ ಒತ್ತಿ ತುಂಬಿದ ಗೂಡು ಹೊತ್ತಾದಂತೆ ಬಿಸಿಯಾಗುತ್ತೆ, ಬೆವರುತ್ತೆ. ಚಿಕ್ಕಪ್ಪ ಚೀಲದ ಬಾಯಿ ಬಿಚ್ಚಿ ಕೈ ಒಳಗಿಟ್ಟು ನೋಡ್ತಾನೇ ಇದ್ದರು, ಮಾತಾಡಲಿಲ್ಲ. ಕೊನೆಗೆ ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಿತು. ನಾವು ಶಿಡ್ಲಘಟ್ಟ ಮುಟ್ಟಿದಾಗ ಹರಾಜು ಮುಗಿಯುತ್ತಾ ಬಂದಿತ್ತು.

ವಾಪಸ್ ಬರುವಾಗ ಕ್ರಾಸಿನಲ್ಲಿದ್ದ ಮೆಕ್ಯಾನಿಕ್ ಡಬ್ಬಿಯಿಂದ ಪೈಪ್ ಕಿತ್ತು, ಬಾಯಲ್ಲಿ ಹೀರಿ, ತುದಿಗೆ ನಾಲಗೆ ಅಂಟಿಸಿ ನೋಡಿದರು. ನಾಲಗೆಯನ್ನು ಹಿಡಿದುಕೊಳ್ಳಲಿಲ್ಲ. ಸೈಲೆನ್ಸರಿಗೆ ತಾಗಿ ಪೈಪ್ ಸೀಳಿತ್ತು. "ಬ್ರೇಕ್ ಗಟ್ಟಿ ಅನಿಸಲಿಲ್ವಾ ಸಾರ್?" ಅಂತ ಕೇಳಿದರು. ಅನಿಸಿತ್ತು. ಡೀಸೆಲ್ ಗಾಡಿಯಲ್ಲಿ ವ್ಯಾಕ್ಯೂಮಿಗೆ ಬೇರೆ ಪಂಪ್ ಇರುತ್ತೆ, ಬ್ರೇಕ್ ಬೂಸ್ಟರ್ ಬದುಕೋದೂ ಅದರಿಂದಲೇ. ನಾನು ಆ ಬ್ರೇಕಿನ ಪೈಪಿಗೇ ಒಂದು ಪ್ಲಾಸ್ಟಿಕ್ ಟೀ ತುರುಕಿ, ಒನ್ ವೇ ವಾಲ್ವ್ ಕೂಡ ಇಲ್ಲದೆ, ಅಲ್ಲಿಂದ ಲೈನ್ ಎಳೆದಿದ್ದೆ. ಫೋರ್ ವೀಲ್ ಹಾಕಿದಾಗೆಲ್ಲ ಸೀಳಿದ ಪೈಪು ಬ್ರೇಕಿನ ಉಸಿರನ್ನು ಕುಡೀತಿತ್ತು.

ಈ ಮಾಡಿಫಿಕೇಶನ್ ತೋರಿಸುವ ವಿಡಿಯೋಗಳ ಮೇಲೆ ನನ್ನ ಸಿಟ್ಟು ಇಲ್ಲೇ. ನಾನು ನೋಡಿದವುಗಳಲ್ಲಿ ಸ್ವಿಚ್ ಯಾವ ಬಣ್ಣದ್ದು, ಡ್ಯಾಶ್‌ಬೋರ್ಡಿನಲ್ಲಿ ಎಲ್ಲಿ ಚೆಂದ ಅನ್ನೋದಕ್ಕೆ ಹತ್ತು ನಿಮಿಷ, ದೀಪ ಯಾರನ್ನು ಕೇಳಿ ಉರಿಯಬೇಕು ಅನ್ನೋದಕ್ಕೆ ಒಂದು ಮಾತೂ ಇಲ್ಲ. ಎಲ್ಲ ಸರಿಯಿದ್ದರೂ ಹಲ್ಲಿಗೆ ಹಲ್ಲು ಹೊಂದದಿದ್ದರೆ ಕಾಲರ್ ಕೂರಲ್ಲ, ಗಾಡಿ ಒಂದೆರಡು ಅಡಿ ಉರುಳಬೇಕು. ಕಂಪನಿಯವರು ಲಿವರನ್ನೂ ಆಕ್ಸಲನ್ನೂ ಒಟ್ಟಿಗೆ ಕಟ್ಟಿದ್ದರು, ನಾವು ಬಿಡಿಸಿದೆವು. ಬಿಡಿಸಿದ ಮೇಲೆ ಎರಡೂ ಒಂದೇ ಕಡೆ ಇವೆಯಾ ಅಂತ ನೋಡಿಕೊಳ್ಳುವ ಕೆಲಸ ನಮ್ಮದಾಯಿತು, ಆ ಕೆಲಸಕ್ಕಿದ್ದ ಒಂದೇ ಕಣ್ಣನ್ನು ನಾನು ಕತ್ತರಿಸಿದ್ದೆ.

ಈಗ ಕೈ ಸ್ವಿಚ್ ಇದೆ, ತೆಗೆದಿಲ್ಲ. ದೀಪದ ವೈರ್ ಆಕ್ಸಲಿಗೆ ವಾಪಸ್ ಹೋಗಿದೆ, ಉರಿಯೋದು ಒಮ್ಮೊಮ್ಮೆ ತಡ. ಪ್ಲಾಸ್ಟಿಕ್ ಟೀ ಕ್ರಾಸಿನ ಆ ಅಂಗಡಿಯ ಕಸದ ಡಬ್ಬದಲ್ಲಿರಬೇಕು. ಅವತ್ತು ಗೂಡಿನಲ್ಲಿ ಎಷ್ಟು ಕೈಬಿಟ್ಟಿತು ಅಂತ ಚಿಕ್ಕಪ್ಪ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.