ಮೂತಿಯಲ್ಲಿ ರೇಡಿಯೇಟರ್, ಬೆನ್ನಲ್ಲಿ ಎಂಜಿನ್

1966ರಿಂದ 1969ರವರೆಗೆ ಸತತ ನಾಲ್ಕು ಸಲ ಲೆ ಮಾನ್ಸ್ ರೇಸ್ ಗೆದ್ದ ಫೋರ್ಡ್ ಜಿಟಿ40 ಕಾರಿನ ಪ್ರತಿಕೃತಿಗಳನ್ನು ಬ್ರಿಟನ್ನಿನ ಹವ್ಯಾಸಿಗಳು ಕಿಟ್ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಜೋಡಿಸುತ್ತಾರೆ. ನೋಡುವವರ ಕಣ್ಣು ಬಾಡಿಯ ಚೆಲುವಿನ ಮೇಲೆ ನಿಲ್ಲುತ್ತದೆ. ನನ್ನ ಮೆಚ್ಚುಗೆ ಕಣ್ಣಿಗೆ ಬೀಳದ ನೀರಿನ ಕೊಳವೆಗಳಿಗೆ.

ಈ ಕಾರಿನಲ್ಲಿ ವಿ8 ಎಂಜಿನ್ ಚಾಲಕನ ಬೆನ್ನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ಥರ್ಮೋಸ್ಟಾಟ್ ದಾಟಿ ಬಂದ ಬಿಸಿ ಕೂಲೆಂಟ್ ಒಂದು ಕೊಳವೆಯಲ್ಲಿ ಮುಂದಕ್ಕೆ ಸಾಗಿ, ತಣಿದು, ಇನ್ನೊಂದರಲ್ಲಿ ವಾಟರ್ ಪಂಪಿಗೆ ಮರಳಬೇಕು. ಇಷ್ಟು ದೂರಕ್ಕೆ ಬರೀ ರಬ್ಬರ್ ಹೋಸ್ ಸಾಲದು. ಪಂಪಿನ ಎಳೆತಕ್ಕೆ ಅದು ಒಳಕ್ಕೆ ಕುಗ್ಗಬಹುದು. ಆದ್ದರಿಂದ ಅಲ್ಯೂಮಿನಿಯಂ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಎಂಜಿನ್ನಿನ ಅಲುಗಾಟ ತಾಳಲು ತುದಿಗಳಲ್ಲಿ ಮಾತ್ರ ಗಿಡ್ಡ ಹೋಸ್. ಕೊಳವೆಯ ಅಂಚಿನಲ್ಲಿ ಉಬ್ಬು ಮೂಡಿಸಿ, ಅದರ ಹಿಂದೆ ಕ್ಲಿಪ್ ಬಿಗಿದರೆ ಹೋಸ್ ಒತ್ತಡಕ್ಕೆ ಕಳಚಿಕೊಳ್ಳದು.

ದೊಡ್ಡ ಜಾಣ್ಮೆ ಇರುವುದು ಗಾಳಿಯನ್ನು ಹೊರಹಾಕುವುದರಲ್ಲಿ. ಎತ್ತರದ ತಿರುವಿನಲ್ಲಿ ಸಿಕ್ಕಿಕೊಂಡ ಗಾಳಿ ಹರಿವನ್ನೇ ತಡೆಯಬಲ್ಲದು. ಅದಕ್ಕೆಂದೇ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೇಲೆ ಹೆಡರ್ ಟ್ಯಾಂಕ್ ಕೂರಿಸಿ, ರೇಡಿಯೇಟರಿನ ಮತ್ತು ಎಂಜಿನ್ನಿನ ನೆತ್ತಿಯಿಂದ ಸಣ್ಣ ನಳಿಕೆಗಳನ್ನು ಅಲ್ಲಿಗೆ ಒಯ್ಯುತ್ತಾರೆ. ಗಾಳಿ ಅಲ್ಲಿಗೆ ಏರುತ್ತದೆ. ಟ್ಯಾಂಕಿನ ತಳದಿಂದ ಕೂಲೆಂಟ್ ಪಂಪಿಗೆ ಇಳಿಯುತ್ತದೆ. ಸುಮಾರು 1 ಬಾರ್ ಒತ್ತಡ ಹಿಡಿದಿಡುವ ಮುಚ್ಚಳ ನೀರಿನ ಕುದಿಬಿಂದುವನ್ನು 120 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರಿಸುತ್ತದೆ. ಮೂತಿಗೆ ನುಗ್ಗಿದ ಗಾಳಿ ರೇಡಿಯೇಟರಿನ ಪಕ್ಕದಿಂದ ನುಸುಳಿ ಹೋಗದಂತೆ ಸುತ್ತ ತಗಡು ಕಟ್ಟುವುದೂ ಇದೇ ಕಸುಬಿನ ಭಾಗ.

ಕಿಟ್ ಕಾರ್ ಕೊಳ್ಳುವವರು ಬಣ್ಣಕ್ಕೆ ಮರುಳಾಗುವ ಮೊದಲು ಬಗ್ಗಿ ಈ ಕೊಳವೆಗಳನ್ನು ನೋಡಲಿ. ಕಟ್ಟಿದವರ ಕೈಗುಣ ತಿಳಿಯುವುದು ಅಲ್ಲೇ.