ಅಮೀರಬಾಯಿ ಕರ್ನಾಟಕಿಯೂ ವಾಚಿಕಾಭಿನಯವೂ

ಪಾತ್ರವನ್ನಾಡುವವಳು ಒಬ್ಬಳು, ಹಾಡುವವಳು ಇನ್ನೊಬ್ಬಳು ಎಂಬ ಚಲನಚಿತ್ರಪದ್ಧತಿಯಿಂದ ಅಭಿನಯವು ಕೆಟ್ಟಿತೆಂದು ಕೆಲವು ವಿದ್ವಾಂಸರು ಹೇಳುವುದುಂಟು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕೂ ಒಬ್ಬರಲ್ಲಿಯೇ ಕೂಡಿರಬೇಕೆಂಬುದು ಅವರ ಪೂರ್ವಪಕ್ಷ. ಅಮೀರಬಾಯಿ ಕರ್ನಾಟಕಿಯವರ ಜೀವಿತವನ್ನು ನಿದರ್ಶನವಾಗಿಟ್ಟು ಇದನ್ನು ವಿಚಾರಿಸೋಣ.

ಈಕೆಯ ಜನ್ಮಸ್ಥಳ ಬೀಳಗಿ. ಅದು ಆಗ ಬಿಜಾಪುರ ಜಿಲ್ಲೆಗೆ ಸೇರಿತ್ತು, ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಮುಂಬಯಿಯ ಹಿಂದೀ ಚಿತ್ರಗಳಲ್ಲಿ ಈಕೆ ನಟಿಯೂ ಗಾಯಕಿಯೂ ಆಗಿ ಕೀರ್ತಿಯನ್ನು ಪಡೆದರು. 1940ರ ‘ನರಸೀ ಭಗತ್’ ಚಿತ್ರದಲ್ಲಿ ನಟಿಸಿ ಹಾಡಿದರು. 1943ರ ‘ಕಿಸ್ಮತ್’ದಲ್ಲಾದರೋ ತೆರೆಯ ಮೇಲೆ ಕಾಣುವವರು ಮುಮ್ತಾಜ್ ಶಾಂತಿ, ಕೇಳುವ ಕಂಠ ಅಮೀರಬಾಯಿಯವರದು. ಅನಿಲ್ ಬಿಸ್ವಾಸರ ಸಂಗೀತವುಳ್ಳ ಆ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. 1948ರ ‘ಶಹನಾಜ್’ ಚಿತ್ರಕ್ಕೆ ಈಕೆಯೇ ಸಂಗೀತವನ್ನು ಸಂಯೋಜಿಸಿದರು. 1965ರಲ್ಲಿ ದಿವಂಗತರಾದರು.

ಒಬ್ಬರದೇ ಜೀವಿತದಲ್ಲಿ ಎರಡು ಪದ್ಧತಿಗಳೂ ಸಂದಿರುವುದರಿಂದ ಹೋಲಿಕೆ ಸುಲಭವಾಯಿತು. ಪ್ರತಿಭೆಯು ಕಡಮೆಯಾದುದರಿಂದ ಈಕೆಯ ಕಂಠವು ದೇಹದಿಂದ ಬೇರ್ಪಡಲಿಲ್ಲ. ಹಾಡನ್ನು ಮೊದಲೇ ಮುದ್ರಿಸಿಕೊಂಡು ಚಿತ್ರಕ್ಕೆ ಹೊಂದಿಸುವ ಯಂತ್ರಸೌಕರ್ಯವೇ ಅದಕ್ಕೆ ಕಾರಣ. ಶಾಸ್ತ್ರದಲ್ಲಿಯೂ ಈ ವಿಭಾಗಕ್ಕೆ ಬಾಧಕವಿಲ್ಲ. ಭರತಮುನಿಯು ಧ್ರುವಾಗಾನವನ್ನು ಕುತಪದಲ್ಲಿ ಕುಳಿತ ಗಾಯಕರಿಗೇ ವಿಧಿಸಿದ್ದಾನೆ. ಮಾವಿನಕುರ್ವೆಯ ಸುತ್ತಿನ ನಮ್ಮ ಕರಾವಳಿಯವರಿಗೆ ಶಾಸ್ತ್ರವಾಕ್ಯವೂ ಬೇಕಿಲ್ಲ, ಬಯಲಾಟವೇ ಸಾಕ್ಷಿ. 1934ರಲ್ಲಿ ಹೊನ್ನಾವರ ತಾಲ್ಲೂಕಿನ ಕೆರೆಮನೆಯಲ್ಲಿ ಸ್ಥಾಪಿತವಾದ ಇಡಗುಂಜಿ ಮೇಳದ ಆಟವನ್ನು ನೋಡಿದವರು ಬಲ್ಲರು: ಪದ ಭಾಗವತರದು, ಕುಣಿತವೂ ಅರ್ಥವೂ ವೇಷಧಾರಿಯದು. ಇದರಿಂದ ರಸಕ್ಕೆ ಹಾನಿಯಾಯಿತೆಂದು ಯಾರೂ ಹೇಳಿಲ್ಲ.

ಹಾಗಾದರೆ ದೋಷವೆಲ್ಲಿ? ವಿಭಾಗದಲ್ಲಲ್ಲ, ನಿಹ್ನವದಲ್ಲಿ. ಭಾಗವತರು ಜಾಗಟೆ ಹಿಡಿದು ಸಭೆಯ ಕಣ್ಣೆದುರಿಗೇ ಇರುತ್ತಾರೆ; ಪದ ಯಾರದೆಂದು ಮಕ್ಕಳಿಗೂ ಗೊತ್ತು. ಚಿತ್ರದಲ್ಲಿ ಹಾಡಿದವರು ಮರೆಯಾಗುತ್ತಾರೆ. 1949ರ ‘ಮಹಲ್’ ಚಿತ್ರದ ಧ್ವನಿಮುದ್ರಿಕೆಯಲ್ಲಿ ಲತಾ ಮಂಗೇಶಕರರ ಹೆಸರಿನ ಬದಲು ‘ಕಾಮಿನೀ’ ಎಂಬ ಪಾತ್ರದ ಹೆಸರೇ ಅಚ್ಚಾಗಿತ್ತೆಂಬುದು ಪ್ರಸಿದ್ಧ. ಪರರ ಶ್ಲೋಕವನ್ನು ತನ್ನದೆಂದು ಓದುವವನನ್ನು ನಾವು ಕಾವ್ಯಚೋರನೆನ್ನುತ್ತೇವೆ. ಕಂಠಕ್ಕೆ ಬೇರೆ ನ್ಯಾಯವುಂಟೆ?

ಅಮೀರಬಾಯಿಯವರು ತಮ್ಮ ಹೆಸರಿನೊಡನೆ ‘ಕರ್ನಾಟಕಿ’ ಎಂಬ ನಾಡಿನ ಗುರುತನ್ನು ಕೊನೆಯವರೆಗೂ ಧರಿಸಿದರು. ಅವರ ಹಾಡನ್ನು ಕೇಳುವಾಗ ಹಾಡಿದವರಾರೆಂದು ವಿದ್ಯಾರ್ಥಿಗಳಿಗೆ ತಿಳಿಸುವುದು ಅಧ್ಯಾಪಕರಾದ ನಮ್ಮ ಋಣ. ರಸಾಸ್ವಾದವು ಕೃತಜ್ಞತೆಯಿಲ್ಲದೆ ಪೂರ್ಣವಾಗದೆಂದು ನಮ್ಮ ಅಭಿಪ್ರಾಯ.