ಮೂರು ಉಂಡೆ, ಒಂದು ಮಾತ್ರೆ

ದಿವಾನದ ಕೆಳಗೆ ಪೊರಕೆ ಆಡಿಸಿದಾಗ ಐದು ಮಾತ್ರೆ ಸಿಕ್ಕವು. ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದವು, ಒಂದಕ್ಕೆ ಕೂದಲು ಅಂಟಿತ್ತು. ಐದೂ ನಮ್ಮ ನಾಯಿ ಕರಿಯ ‘ನುಂಗಿದ್ದ’ ಮಾತ್ರೆಗಳು. ನಾಲಿಗೆ ಚಪ್ಪರಿಸಿ, ಬಾಲ ಆಡಿಸಿ, ಬಹುಮಾನದ ಬಿಸ್ಕತ್ತನ್ನೂ ಗಿಟ್ಟಿಸಿಕೊಂಡು, ನಿಧಾನಕ್ಕೆ ಹೋಗಿ ಅಲ್ಲಿ ಉಗಿದು ಬಂದಿದ್ದ. ಅದೇ ವಾರ ನಾವು ‘ಔಷಧ ಹಿಡೀತಿಲ್ಲ’ ಎಂದು ಡಾಕ್ಟರಿಗೆ ಫೋನು ಮಾಡಿ, ಡೋಸು ಹೆಚ್ಚಿಸಬೇಕೇ ಎಂದು ಕೇಳಿದ್ದೆವು.

ಕರಿಯನಿಗಿರುವುದು ಡಾಕ್ಟರುಗಳು ಐಬಿಡಿ ಎನ್ನುವ ಕರುಳಿನ ಉರಿಯೂತ. ಜಂತುಹುಳ, ಜಿಯಾರ್ಡಿಯಾ, ಮೇದೋಜೀರಕ ಗ್ರಂಥಿಯ ತೊಂದರೆ, ಆಹಾರದ ಅಲರ್ಜಿ, ಇವು ಒಂದೂ ಅಲ್ಲ ಎಂದಾದ ಮೇಲೆ ಕೊನೆಗೆ ಉಳಿಯುವ ಹೆಸರು ಅದು. ಮೂರು ದಿನದ ಕೋರ್ಸಿಗೆ ಮುಗಿಯುವ ಕಾಯಿಲೆಯಲ್ಲ, ತಿಂಗಳುಗಟ್ಟಲೆ ಮಾತ್ರೆ. ಹಾಗಾಗಿ ಇಲ್ಲಿ ಪರೀಕ್ಷೆಗೆ ಕೂರುವುದು ಔಷಧಕ್ಕಿಂತ ಹೆಚ್ಚಾಗಿ ಅದನ್ನು ಕೊಡುವ ಮನೆಯವರ ಕೈ. ಆ ಕೈಗೆ, ನನ್ನದನ್ನೂ ಸೇರಿಸಿ, ನಾನು ಪಾಸ್ ಮಾರ್ಕ್ಸ್ ಕೊಡಲಾರೆ.

ಮೊದಲು ಮಾತ್ರೆ ಅಡಗಿಸುವ ನಮ್ಮ ಕಲೆ. ಮೊಸರನ್ನ, ಬನ್ನು, ಗ್ಲೂಕೋಸ್ ಬಿಸ್ಕತ್ತು, ಕೋಳಿಯ ಈಲಿ: ಒಂದೊಂದು ಮನೆಗೆ ಒಂದೊಂದು ಉಪಾಯ. ಬೇರೆ ಕಾಯಿಲೆಗಾದರೆ ನನ್ನ ತಕರಾರಿಲ್ಲ. ಈ ಕಾಯಿಲೆಗಿದೆ. ದೀರ್ಘಕಾಲ ಭೇದಿಯಲ್ಲಿ ನರಳುವ ನಾಯಿಗಳಲ್ಲಿ ದೊಡ್ಡ ಪಾಲು ಬರೀ ಆಹಾರ ಬದಲಿಸಿದರೇ ಸುಧಾರಿಸುತ್ತವೆ, ಅದೂ ಸಾಮಾನ್ಯವಾಗಿ ಎರಡು ವಾರಗಳೊಳಗೆ. ಅದಕ್ಕಾಗಿ ಹಿಂದೆಂದೂ ತಿನ್ನದ ಮಾಂಸವನ್ನೋ, ಪ್ರೋಟೀನನ್ನು ಸಣ್ಣಗೆ ಒಡೆದು ತಯಾರಿಸಿದ ವಿಶೇಷ ಆಹಾರವನ್ನೋ ಕೊಟ್ಟು ನೋಡುತ್ತಾರೆ. ಆ ದಿನಗಳಲ್ಲಿ ಬೇರೇನೂ ಬಾಯಿಗೆ ಬೀಳಬಾರದು. ನಾವೋ, ಎರಡು ಸಾವಿರಕ್ಕೂ ಮೀರಿದ ಚೀಲ ತಂದು ಅಳೆದು ಬಟ್ಟಲಿಗೆ ಹಾಕಿ, ಮಾತ್ರೆಯನ್ನು ಮಾತ್ರ ದಿನಾ ಮೊಸರನ್ನದ ತುತ್ತಿನಲ್ಲಿ ಕೊಟ್ಟೆವು. ‘ಊಟ ಬದಲಿಸಿ ನೋಡಿದ್ವಿ, ಏನೂ ಆಗ್ಲಿಲ್ಲ’ ಎಂದು ಡಾಕ್ಟರಿಗೆ ವರದಿ ಒಪ್ಪಿಸಿದೆವು. ನೋಡಿದ್ದೆಲ್ಲಿ? ಇಂಥ ವರದಿ ನಂಬಿ ಸ್ಟೀರಾಯ್ಡ್ ಹತ್ತಿಸಿಕೊಂಡ ನಾಯಿಗಳು ಎಷ್ಟಿವೆಯೋ.

ಉಪಾಯ ಕಲಿಸಿದ್ದು ಮುದ್ದೆ. ಮುದ್ದೆಯನ್ನು ಅಗಿಯುವವರು ಯಾರೂ ಇಲ್ಲ, ನುಂಗುವುದೇ. ನಾಯಿಯೂ ಹಾಗೆಯೇ, ರುಚಿಯಾದ ಉಂಡೆಯನ್ನು ಅಗಿಯುವ ತಾಳ್ಮೆ ಅದಕ್ಕಿಲ್ಲ. ಅದೇ ವಿಶೇಷ ಆಹಾರದ ಕಾಳನ್ನು ಬಿಸಿನೀರಲ್ಲಿ ನೆನೆಸಿ, ಹಿಸುಕಿ, ಗೋಲಿ ಗಾತ್ರದ ಮೂರು ಉಂಡೆ ಕಟ್ಟಬೇಕು. ಮೊದಲನೆಯದು ಖಾಲಿ, ನಂಬಿಕೆಗೆ. ಎರಡನೆಯದರಲ್ಲಿ ಮಾತ್ರೆ. ಅದು ಬಾಯಿಗೆ ಹೋಗುವ ಹೊತ್ತಿಗೆ ಮೂರನೆಯದು ಮೂಗಿನ ಮುಂದಿರಬೇಕು. ಆಗ ಎರಡನೆಯದನ್ನು ಪರಿಶೀಲಿಸಲು ಕರಿಯನಿಗೆ ಪುರುಸೊತ್ತಿರುವುದಿಲ್ಲ. ಮಾತ್ರೆ ಮುಟ್ಟಿದ ಕೈಯಿಂದ ಉಂಡೆ ಕಟ್ಟಿದರೆ ಕಹಿ ಹೊರಗೂ ಅಂಟಿ ಗುಟ್ಟು ರಟ್ಟಾಗುತ್ತದೆ; ಉಂಡೆ ಒಂದು ಕೈ, ಮಾತ್ರೆ ಇನ್ನೊಂದು ಕೈ. ಎಲ್ಲವನ್ನೂ ಕುಟ್ಟಿ ಪುಡಿ ಮಾಡಿ ಕಲಸುವವರಿಗೆ ಒಂದು ಮಾತು: ಕರುಳಿನಲ್ಲಿ ಬಿಚ್ಚಿಕೊಳ್ಳಲೆಂದು ಲೇಪ ಹಚ್ಚಿದ ಮಾತ್ರೆಗಳನ್ನು ಪುಡಿ ಮಾಡಿದರೆ ಲೇಪ ವ್ಯರ್ಥ. ಅಜಥಯೋಪ್ರಿನ್, ಕ್ಲೋರಾಂಬುಸಿಲ್‌ನಂಥವನ್ನು ಒಡೆದರೆ ಆ ಧೂಳು ಕೊಡುವವರಿಗೇ ಅಪಾಯ. ಅವನ್ನು ಕೈಗವಸಿಲ್ಲದೆ ಮುಟ್ಟಬಾರದು, ಬಸುರಿಯರು ಹತ್ತಿರವೂ ಸುಳಿಯಬಾರದು.

ಎರಡನೆಯ ದೋಷ ಲೆಕ್ಕದ್ದು. ನಮ್ಮ ಚೀಟಿಯಲ್ಲಿ ‘ಅರ್ಧ ಮಾತ್ರೆ’ ಎಂದಿತ್ತು. ಯಾವುದರ ಅರ್ಧ? ಕರಿಯನಿಗೆ ಬರೆದ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ 5, 10, 20 ಮಿಲಿಗ್ರಾಂಗಳಲ್ಲಿ ಸಿಗುತ್ತದೆ, ಸ್ಟ್ರಿಪ್ಪುಗಳೆಲ್ಲ ಅಣ್ಣತಮ್ಮಂದಿರ ಹಾಗಿರುತ್ತವೆ. ಎರಡನೆಯ ಸಲ ತರಲು ಹೋದಾಗ 10ರದು ಮುಗಿದಿತ್ತು. ‘ಅದೇ ಕಂಪನಿ ಸಾರ್, ಅದೇ ಮಾತ್ರೆ, ತಗೊಂಡೋಗಿ’ ಎಂದು ಅಂಗಡಿಯವರು 20ರದನ್ನು ಕೊಟ್ಟರು. ನಾಲ್ಕು ದಿನ ಕರಿಯ ದುಪ್ಪಟ್ಟು ಔಷಧ ತಿಂದ. ನಾಯಿ ಡಾಕ್ಟರುಗಳ ಬಗ್ಗೆ ನನಗೆ ಗೌರವವಿದೆ, ದಿನಕ್ಕೆ ಐವತ್ತು ಬಾಯಿಗೆ ಕೈ ಹಾಕುವ ಕೆಲಸ ಸುಮ್ಮನಲ್ಲ. ಆದರೂ ಮಿಲಿಗ್ರಾಂ ಬರೆಯದ ಚೀಟಿ ಅರೆಬರೆ ಚೀಟಿ.

ಮೂರನೆಯದು, ಎಲ್ಲಕ್ಕಿಂತ ಅಪಾಯದ್ದು, ನಿಲ್ಲಿಸುವ ಆತುರ. ಸ್ಟೀರಾಯ್ಡ್ ಶುರುವಾದ ಹತ್ತು ದಿನಕ್ಕೆ ಮಲ ಗಟ್ಟಿಯಾಯಿತು. ಅಮ್ಮ ಹೇಳಿದಳು, ‘ವಾಸಿ ಆಯ್ತಲ್ಲೋ, ಇನ್ಯಾಕೆ ಆ ವಿಷ ಮೂಕಪ್ರಾಣಿಗೆ?’ ವಿಷ ಎಂಬ ಮಾತು ಅನ್ಯಾಯದ್ದು. ಮೂತ್ರಪಿಂಡಗಳ ಪಕ್ಕದಲ್ಲಿ ಕೂತಿರುವ ಅಡ್ರಿನಲ್ ಗ್ರಂಥಿಗಳು ಇದರದೇ ಜಾತಿಯ ಹಾರ್ಮೋನನ್ನು ದಿನವೂ ತಯಾರಿಸುತ್ತವೆ. ಆ ಹಾರ್ಮೋನುಗಳ ಶೋಧಕ್ಕಾಗಿಯೇ ಕೆಂಡಲ್, ರೈಕ್‌ಸ್ಟೈನ್, ಹೆಂಚ್ ಮೂವರಿಗೆ 1950ರ ನೊಬೆಲ್ ಬಂದದ್ದು. ತೊಡಕಿರುವುದೂ ಅಲ್ಲೇ. ಹೊರಗಿನಿಂದ ದಿನಾ ಊಟದ ಕ್ಯಾರಿಯರ್ ಬರುತ್ತಿದ್ದರೆ ಮನೆಯ ಒಲೆ ತಣ್ಣಗಾಗುತ್ತದೆ. ಒಂದು ಬೆಳಿಗ್ಗೆ ಕ್ಯಾರಿಯರ್ ನಿಂತುಬಿಟ್ಟರೆ ಮನೆಮಂದಿಗೆ ಉಪವಾಸ. ವಾರಗಟ್ಟಲೆ ಕೊಟ್ಟ ಪ್ರೆಡ್ನಿಸೋಲೋನನ್ನು ಥಟ್ಟನೆ ಬಿಟ್ಟರೆ ನಾಯಿಯ ಮೈ ಹೀಗೆಯೇ ಬರಿದಾಗುತ್ತದೆ: ಸುಸ್ತು, ವಾಂತಿ, ಕೆಲವೊಮ್ಮೆ ಕುಸಿದೇ ಬೀಳುವುದು. ಅದಕ್ಕೇ ಡಾಕ್ಟರು ಒಲೆ ಮತ್ತೆ ಹೊತ್ತಿಕೊಳ್ಳಲು ಸಮಯ ಕೊಟ್ಟು, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡುವುದೂ ತಪ್ಪೇ.

ಸ್ಟೀರಾಯ್ಡಿನಿಂದ ಕೆಡುಕುಗಳಿಲ್ಲವೆಂದಲ್ಲ. ಕರಿಯ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿದ, ರಾತ್ರಿ ಎರಡು ಸಲ ಬಾಗಿಲು ತೆಗೆಸಿದ, ಹಸಿವಿಗೆ ಕಸದ ಡಬ್ಬಿ ಉರುಳಿಸಿದ. ಉಚ್ಚೆ ಹೊಯ್ಯುತ್ತದೆಂದು ಸಂಜೆಯ ಮೇಲೆ ನೀರಿನ ಬಟ್ಟಲು ಎತ್ತಿಡುವವರನ್ನು ಕಂಡಿದ್ದೇನೆ. ಅದು ಕ್ರೌರ್ಯ. ಇನ್ನೊಂದಂತೂ ಪ್ರಾಣಕ್ಕೇ ಬರುವ ತಪ್ಪು: ನಾಯಿ ಕುಂಟುತ್ತಿದೆಯೆಂದು ಮನೆಯಲ್ಲಿದ್ದ ನೋವಿನ ಮಾತ್ರೆ ಕೊಡುವುದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಗೆ ಯಾವಾಗಲೂ ಅಪಾಯ. ನಾಯಿಗೆಂದೇ ಕೊಡುವ ಮೆಲೊಕ್ಸಿಕಾಂ ಕೂಡ ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ತೂತೂ ಬೀಳಬಹುದು. ಮಲ ಡಾಂಬರಿನಂತೆ ಕಪ್ಪಗೆ ಬಂದರೆ ಬೆಳಗಾಗಲೆಂದು ಕಾಯಬೇಡಿ.

ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಈಗ ಹಾಲಿನವನ ಲೆಕ್ಕದ ಪಕ್ಕದಲ್ಲೇ ಕರಿಯನ ಲೆಕ್ಕವಿದೆ. ಮಾತ್ರೆ ಕೊಟ್ಟವರು ಮಿಲಿಗ್ರಾಂ ಬರೆದು ಸಹಿ ಹಾಕಬೇಕು, ಇಲ್ಲದಿದ್ದರೆ ಅಮ್ಮ ಒಮ್ಮೆ, ನಾನೊಮ್ಮೆ ಕೊಟ್ಟುಬಿಡುತ್ತೇವೆ. ಏಳನೆಯ ತಿಂಗಳು ನಡೆಯುತ್ತಿದೆ. ಇವತ್ತಿನ ಚೌಕದಲ್ಲಿ ಅಮ್ಮನ ಸಹಿ: ‘2.5 ಮಿ.ಗ್ರಾಂ, ನುಂಗಿದೆ, ದಿವಾನದ ಕೆಳಗೂ ನೋಡಿದೆ.’